ತಾಮ್ರದ ಬಾಯ್ಲರ್: ಕೊಳವೆ ಚೊಕ್ಕಟವಿದ್ದರೆ ಸೌದೆ ಉಳಿತಾಯ

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ಆದದ್ದು. ಬಸವನಗುಡಿ, ಮಲ್ಲೇಶ್ವರ 1898ರ ಪ್ಲೇಗಿನ ನಂತರ ಬೆಳೆದವು. ಗೀಸರ್ ಬರುವ ಮುಂಚೆ ಅಲ್ಲಿನ ಮನೆಗಳ ಬಚ್ಚಲಲ್ಲಿ ಇದ್ದದ್ದು ಹಂಡೆ, ಇಲ್ಲವೇ ತಾಮ್ರದ ಬಾಯ್ಲರ್. ಈಗ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ, ಬಾಯ್ಲರ್ ಗುಜರಿ ಸೇರುತ್ತದೆ. ಕರಟ, ಮಟ್ಟೆ, ತೊಗರಿ ಕಡ್ಡಿ ಕೈಗೆ ಸಿಗುವ ನಮ್ಮಂಥ ರೈತರಿಗೆ ಅದು ಇನ್ನೂ ಕೆಲಸದ ಸಾಮಾನು. ಆದರೆ ಅದರ ಗುಣ ತಿಳಿದಿರಬೇಕು.

ಒಳಗೆ ಏನಿದೆ?

ನೋಡಲು ಡ್ರಮ್ಮಿನ ಹಾಗಿದ್ದರೂ ನಡುವೆ ತಳದಿಂದ ನೆತ್ತಿಯವರೆಗೆ ಒಂದು ಕೊಳವೆ ಇದೆ. ಕೊಳವೆಯೊಳಗೆ ಬೆಂಕಿ, ಸುತ್ತ ನೀರು. ಕೆಳಗೆ ಕಬ್ಬಿಣದ ಜಾಲರಿ, ಅದರಡಿ ಬೂದಿ ಬೀಳುವ ಜಾಗ. ಗಾಳಿ ಕೆಳಗಿಂದ ನುಗ್ಗುತ್ತದೆ, ಉರಿ ಕೊಳವೆಯಲ್ಲಿ ಏರುತ್ತದೆ. ಹಾದಿಯುದ್ದಕ್ಕೂ ತಾಮ್ರ ಶಾಖ ಹೀರಿ ನೀರಿಗೆ ಕೊಡುತ್ತದೆ. ಬಿಸಿ ನೀರು ಹಗುರ, ಮೇಲೆ ನಿಲ್ಲುತ್ತದೆ. ತಣ್ಣೀರು ಆಲಿಕೆಯಿಂದ ತಳಕ್ಕೆ ಇಳಿಯುತ್ತದೆ. ನಲ್ಲಿ ಮೇಲಿರುವ ಬಾಯ್ಲರಿಗೆ ಒಂದು ತಂಬಿಗೆ ತಣ್ಣೀರು ಹುಯ್ದರೆ ಒಂದು ತಂಬಿಗೆ ಬಿಸಿನೀರು ಹೊರಗೆ ಬರುತ್ತದೆ.

ಲೆಕ್ಕ ಹಾಕಿ ನೋಡಿ

60 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಬೇಕಾದದ್ದು 1,500 ಕಿಲೋ ಕ್ಯಾಲರಿ. ಒಂದು ಕೆಜಿ ಒಣ ಸೌದೆಯಲ್ಲಿ 3,500ಕ್ಕೂ ಹೆಚ್ಚು ಇರುತ್ತದೆ. ಅಂದರೆ ಅರ್ಧ ಕೆಜಿ ಸೌದೆಯೂ ಬೇಡ! ಆದರೆ ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಶಾಖ ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಗಾಳಿಪಾಲು. ಹಾಗಾಗಿ ಮೂರು ನಾಲ್ಕು ಕೆಜಿ ಉರಿಸುತ್ತೇವೆ. ಮಲ್ಲೇಶ್ವರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ‘ಅಸ್ತ್ರ ಒಲೆ’ ಮಾಡಿದ್ದು ಈ ನಷ್ಟ ತಡೆಯಲಿಕ್ಕೇ. ಉರಿಯನ್ನು ನೀರಿನ ಮಧ್ಯೆ ಹಾಯಿಸುವ ಬಾಯ್ಲರಿನ ಗುಟ್ಟೂ ಅದೇ.

ಹಸಿ ಸೌದೆ ಹಾಕಿದರೆ ಗುಟ್ಟು ಕೆಡುತ್ತದೆ. ಅದರೊಳಗಿನ ಒಂದೊಂದು ಲೀಟರ್ ನೀರು ಆವಿಯಾಗಲು ಸುಮಾರು 600 ಕಿಲೋ ಕ್ಯಾಲರಿ ತಿನ್ನುತ್ತದೆ. ಸಣ್ಣಗೆ ಸೀಳಿ, ಚೆನ್ನಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಕೊಳವೆ ತುಂಬ ತುರುಕಿದರೆ ಗಾಳಿ ಆಡದೆ ಬರೀ ಹೊಗೆ.

ಎರಡು ಶತ್ರು: ಮಸಿ, ಸುಣ್ಣ

ಕೊಳವೆಯೊಳಗೆ ಮಸಿ ಕಟ್ಟಿದರೆ ಶಾಖ ತಾಮ್ರಕ್ಕೆ ತಗಲುವುದಿಲ್ಲ, ನೆತ್ತಿಯಿಂದ ಹಾರಿ ಹೋಗುತ್ತದೆ. ವಾರಕ್ಕೊಮ್ಮೆ, ಆರಿದ ಮೇಲೆ, ಕೋಲಿಗೆ ತೆಂಗಿನ ನಾರು ಕಟ್ಟಿ ಮೇಲಿಂದ ಕೆಳಗೆ ಉಜ್ಜಿ. ಬೂದಿಯನ್ನು ದಿನಾ ತೆಗೆಯಿರಿ.

ನೀರಿನ ಕಡೆ ಇರುವ ಶತ್ರು ಸುಣ್ಣ. ಬೋರ್‌ವೆಲ್ಲಿನ ಗಡಸು ನೀರು ಕಾದಾಗ ಬಿಳಿ ಪದರ ಕೂರುತ್ತದೆ. ಅದು ಶಾಖಕ್ಕೆ ಅಡ್ಡ. ನಿಂಬೆ ಉಪ್ಪು ಕರಗಿಸಿದ ಉಗುರುಬೆಚ್ಚಗಿನ ನೀರು ತುಂಬಿ ಕೆಲವು ಗಂಟೆ ಬಿಡಿ, ಪದರ ಸಡಿಲವಾಗುತ್ತದೆ. ಆಮೇಲೆ ಎರಡು ಮೂರು ಸಲ ತೊಳೆದು ಚೆಲ್ಲಿ. ಕಕ್ಕಸು ತೊಳೆಯುವ ಆಸಿಡ್ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತದೆ. ಹೊರಮೈಗೆ ಹುಣಸೆಹಣ್ಣು ಸಾಕು.

ನೀರಿಲ್ಲದೆ ಹಚ್ಚಬೇಡಿ

ಒಳಗೆ ನೀರಿರುವವರೆಗೆ ತಾಮ್ರ ಹೆಚ್ಚು ಕಾಯುವುದಿಲ್ಲ, ಯಾಕಂದ್ರೆ ನೀರು 100 ಡಿಗ್ರಿ ದಾಟುವುದಿಲ್ಲ. ನೀರು ಮುಗಿದರೆ? ತಾಮ್ರ ಕರಗಲು ಸಾವಿರ ಡಿಗ್ರಿ ದಾಟಬೇಕು, ಸರಿ. ಆದರೆ ಸೀಸ ತವರದ ಬೆಸುಗೆಗೆ 200ರ ಆಸುಪಾಸು ಸಾಕು. ಬೆಸುಗೆ ಬಿಟ್ಟರೆ ಬಾಯ್ಲರ್ ಸೋರುತ್ತದೆ. ನಲ್ಲಿ ಕೆಳಗಿರುವ ಬಾಯ್ಲರಿನಲ್ಲಿ ಇದು ಬೇಗ ಆಗುತ್ತದೆ. ಮೊದಲು ನೀರು, ಆಮೇಲೆ ಬೆಂಕಿ. ಹಿಡಿದಷ್ಟು ನೀರನ್ನು ಕೂಡಲೇ ತುಂಬಿ. ಕೆಂಪಗೆ ಕಾದ ಖಾಲಿ ಬಾಯ್ಲರಿಗೆ ತಣ್ಣೀರು ಸುರಿಯಬೇಡಿ. ಕೆಂಡ ಎಳೆದು ಆರಲು ಬಿಡಿ.

ಆಲಿಕೆ ಬಾಯಿಗೆ ಬಿರಡೆ ಹಾಕಬೇಡಿ. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಹಿಗ್ಗುತ್ತದೆ. ದಾರಿ ಇಲ್ಲದಿದ್ದರೆ ಸಿಡಿಯುತ್ತದೆ.

ಕಾಣದ ವಿಷ

ಹೊಗೆ ಕಣ್ಣು ಉರಿಸುತ್ತದೆ, ಹೊರಗೆ ಓಡುತ್ತೇವೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬೆಂಗಳೂರಿನಲ್ಲಿ ಗ್ಯಾಸ್ ಗೀಸರ್ ಇಟ್ಟ ಮುಚ್ಚಿದ ಬಚ್ಚಲಲ್ಲಿ ಜೀವ ಹೋಗಿರುವುದು ಈ ಅನಿಲದಿಂದಲೇ. ಚಳಿ ಅಂತ ಕಿಟಕಿ ಮುಚ್ಚಬೇಡಿ. ಆದರೆ ಬಾಯ್ಲರನ್ನು ಬಚ್ಚಲ ಹೊರಗೆ, ಸೂರಿನಡಿ ಇಡಿ. ಒಳಗಿದ್ದರೆ ಹೊಗೆಗೆ ಚಿಮಣಿ ಇರಲಿ, ಗಾಳಿಗೆ ದಾರಿ ಇರಲಿ. ತಲೆನೋವು, ಸುತ್ತು ಬಂದರೆ ತಕ್ಷಣ ಹೊರಗೆ ಬನ್ನಿ.

ಈ ನೀರು ಸ್ನಾನಕ್ಕೆ ಮಾತ್ರ. ಬೆಸುಗೆಯ ಸೀಸ, ತಾಮ್ರದ ಕಿಲುಬು ಹೊಟ್ಟೆಗೆ ಹೋಗಬಾರದು, ಅಡಿಗೆಗೆ ಬಳಸಬೇಡಿ.

ಹಳೇದು ಕೊಳ್ಳುವಾಗ ನೀರು ತುಂಬಿ ಒಂದು ಗಂಟೆ ನಿಲ್ಲಿಸಿ. ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಹೊರಮೈ ತಗ್ಗಿದ್ದರೆ ಚಿಂತೆಯಿಲ್ಲ. ಕೊಳವೆ ಒದ್ದೆಯಾಗಿದ್ದರೆ ಬೆಸುಗೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ಬೆಲೆ ಮಾತಾಡಿ.