ಕಟ್ಟಿಗೆಯ ತುದಿ ನೋಡಿ, ಆಮೇಲೆ ದುಡ್ಡು ಕೊಡಿ

ಬೀದರ್, ಭಾಲ್ಕಿ, ಔರಾದ್ ಕಡೆ ಮನೆ ಕಟ್ಟಿಸುವ ಮಕ್ಕಳೇ, ಸಿಮೆಂಟು ಕಬ್ಬಿಣ ಕೊಳ್ಳುವಾಗ ನೂರು ಪ್ರಶ್ನೆ ಕೇಳುತ್ತೀರಿ. ಚೌಕಟ್ಟಿನ ಕಟ್ಟಿಗೆಯನ್ನು ಮಾತ್ರ ಬಣ್ಣ ನೋಡಿ ತರುತ್ತೀರಿ. ಬಣ್ಣ ಯಾರು ಬೇಕಾದರೂ ಬಳಿಯಬಹುದು. ಆಸ್ಟ್ರೇಲಿಯಾ ಮೂಲದ ನೀಲಗಿರಿ, ಅಕೇಸಿಯಾ, ಸಿಲ್ವರ್ ಓಕ್ ಈಗ ನಮ್ಮ ರಾಜ್ಯದಲ್ಲೇ ಬೆಳೆಯುತ್ತವೆ. ಅವೇನೂ ಕೆಟ್ಟ ಮರಗಳಲ್ಲ. ಅವನ್ನು ಸಾಗವಾನಿ ಎಂದು ನಂಬಿ ಸಾಗವಾನಿ ದರ ತೆತ್ತರೆ ಮಾತ್ರ ನಷ್ಟ.

• ಮೊದಲು ತುದಿ ಹೆರೆಸಿ. ಗರಗಸದ ಗೀರಿನಲ್ಲಿ ಏನೂ ಕಾಣದು. ಅಡ್ಡ ಕೊಯ್ದ ತುದಿಯನ್ನು ಹರಿತ ಉಳಿಯಿಂದ ಬೆರಳಗಲ ನುಣ್ಣಗೆ ಹೆರೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿ. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರವಿದ್ದರೆ ಇನ್ನೂ ಒಳ್ಳೆಯದು.

• ಸಾಗವಾನಿ: ಬೆಳವಣಿಗೆಯ ಬಳೆಗಳು ಸ್ಪಷ್ಟ. ಪ್ರತಿ ಬಳೆಯ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಮುಂದೆ ಹೋದಂತೆ ರಂಧ್ರಗಳು ಸಣ್ಣವಾಗುತ್ತವೆ. ಹೊಂಗಂದು ಬಣ್ಣ, ಮುಟ್ಟಿದರೆ ಎಣ್ಣೆಜಿಡ್ಡು, ಹೆರೆದಾಗ ಚರ್ಮದಂಥ ವಾಸನೆ.

• ನೀಲಗಿರಿ: 1790ರ ಸುಮಾರಿಗೆ, ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದ ಮರ. 2017ರಲ್ಲಿ ಸರ್ಕಾರ ಇದರ ನೆಡುತೋಪುಗಳನ್ನು ನಿಷೇಧಿಸಿತು. ಚೇಗು (ಮರದ ಒಳತಿರುಳು) ಕೆಂಗಂದು, ಬಳೆಗಳು ಅಸ್ಪಷ್ಟ. ಒಂಟಿ ಒಂಟಿ ರಂಧ್ರಗಳು ಓರೆಯಾಗಿ ಸಾಲುಗಟ್ಟಿರುತ್ತವೆ. ಕಡುಗೆಂಪು ಅಂಟಿನ ಗೆರೆ ಕಂಡರೆ ಅನುಮಾನ ಬಲವಾಗಲಿ. ಹಸಿ ಇದ್ದಾಗ ಚೌಕಟ್ಟು ಮಾಡಿಸಿದರೆ ನಮ್ಮ ಬೇಸಿಗೆಗೆ ತಿರುಚಿಕೊಳ್ಳುತ್ತದೆ, ತುದಿ ಸೀಳುತ್ತದೆ.

• ಸಿಲ್ವರ್ ಓಕ್: ಕಾಫಿ ತೋಟದ ನೆರಳಿನ ಮರ. ತುದಿಯಲ್ಲಿ ನಡುವಿನಿಂದ ತೊಗಟೆಯತ್ತ ಹೋಗುವ ಅಗಲ ಗೆರೆಗಳು ಎದ್ದು ಕಾಣುತ್ತವೆ. ಆ ಗೆರೆಗಳ ಗುಂಟ ಸೀಳಿದ ಹಲಗೆಯಲ್ಲಿ ಅವೇ ಮೀನಿನ ಹುರುಪೆಯಂತೆ ಹೊಳೆಯುತ್ತವೆ.

• ಅಕೇಸಿಯಾ: ಪಾಲಿಶ್ ಹಚ್ಚಿದ ಮೇಲೆ ಸಾಗವಾನಿಯೆಂದು ಕಣ್ಣು ತಪ್ಪುವುದು ಇದರಲ್ಲೇ. ರಂಧ್ರಗಳು ಬಳೆಯಾಗಿ ಸಾಲುಗಟ್ಟದೆ ಎಲ್ಲ ಕಡೆ ಹರಡಿರುತ್ತವೆ. ಅವುಗಳ ಸುತ್ತ ತಿಳಿಬಣ್ಣದ ಅಂಚು ಇರುತ್ತದೆ. ಸಾಗವಾನಿಯ ಜಿಡ್ಡು ಕೈಗೆ ಸಿಗದು.

• ಜಾಲಿ: ನಮ್ಮ ಕಪ್ಪು ನೆಲದ ಮರ. ಬಂಡಿ ಗಾಲಿಗೆ, ನೇಗಿಲಿಗೆ ಹಿರಿಯರು ಆರಿಸಿದ್ದು ಇದನ್ನೇ. ಹೊಸದಾಗಿ ಕೊಯ್ದಾಗ ನಸುಗೆಂಪು, ಹಳತಾದಂತೆ ಕೆಂಗಂದು. ಎತ್ತಿದರೆ ಭಾರ ಗೊತ್ತಾಗುತ್ತದೆ.

• ಬಿಳಿ ಅಂಚು ಬಿಡಿ. ತೊಗಟೆ ಬದಿಯ ಬಿಳಿ ಕಟ್ಟಿಗೆಗೆ ಹುಳು ಬೇಗ ಬೀಳುತ್ತದೆ. ಮರ ಸಾಗವಾನಿಯೇ ಆದರೂ ಚೌಕಟ್ಟಿಗೆ ಚೇಗನ್ನೇ ಕೇಳಿ.

• ಹಳೆ ತೊಲೆ, ಜಂತಿ ಕಡೆಗಣಿಸಬೇಡಿ. ಹಳೆಮನೆ ಕೆಡವಿದಾಗ ಸಿಗುವ ಕಟ್ಟಿಗೆ ಹೊರಗೆ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಒಂದು ಪದರ ಹೆರೆಸಿದರೆ ಒಳಗಿನ ನಿಜ ಬಣ್ಣ ಬರುತ್ತದೆ. ಮೊಳೆ ತೆಗೆಸಿ, ಗೆದ್ದಲಿನ ದಾರಿ ಇದೆಯೇ ನೋಡಿ, ಧೈರ್ಯವಾಗಿ ಕೊಳ್ಳಿ.

• ಕಣ್ಣು ಪಳಗಿಸಿ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳಿವೆ. ಒಳ್ಳೆಯ ಕಟ್ಟಿಗೆ ಶತಮಾನಗಳವರೆಗೆ ಉಳಿಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ಮಕ್ಕಳಿಗೆ ಅಲ್ಲಿ ತೋರಿಸಿ.

• ಬಿಲ್ಲಿನಲ್ಲಿ ಮರದ ಹೆಸರು ಬರೆಸಿ. ದೊಡ್ಡ ಮೊತ್ತವಾದರೆ ಒಂದು ತುಂಡನ್ನು ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಕಳಿಸಿ. ಅಲ್ಲಿ ಮರ ಗುರುತಿಸಿಕೊಡುತ್ತಾರೆ. ಹೆಸರು ಬರೆದುಕೊಡಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಕಟ್ಟಿಗೆ ಕೊಳ್ಳಲೇಬೇಡಿ.