ಕೊಟ್ಟಿಗೆಯ ಜಾವಾಕ್ಕೆ ಮೊದಲು ಕಾಗದ, ಆಮೇಲೆ ಬಣ್ಣ

ಪ್ರಶ್ನೆ: ನೀಲಗುಂದದ ನಮ್ಮ ಕೊಟ್ಟಿಗೆಯಲ್ಲಿ ತೀರಿಕೊಂಡ ಅಪ್ಪನ 1968ರ ಜಾವಾ ಬೈಕ್ ನಿಂತಿದೆ. ರಿಪೇರಿ ಮಾಡಿಸಿದರೆ ಖರ್ಚು ಗಿಟ್ಟುತ್ತದೆಯೇ?

ಉತ್ತರ: ಮಾರಿ ಲಾಭ ಮಾಡುವ ಲೆಕ್ಕವಿದ್ದರೆ ಕೈ ಹಾಕಬೇಡಿ. ಓಡಿಸುವ ಆಸೆಯಿದ್ದರೆ ಮೊದಲು ಆರ್‌ಸಿ ಹುಡುಕಿ, ಎಂಜಿನ್ ಮತ್ತು ಚಾಸಿ ನಂಬರ್ ತಾಳೆ ನೋಡಿ. ವಾರಸುದಾರರಾಗಿ ಹೆಸರು ಬದಲಿಸಲು ಫಾರಂ 31 ಕೊಡಬೇಕು. ಅಣ್ಣತಮ್ಮಂದಿರ ತಕರಾರಿದ್ದರೆ ವಕೀಲರನ್ನು ಕಾಣಿ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಅದರಲ್ಲಿ ದಿನಾ ಹರಪನಹಳ್ಳಿಗೆ ಹೋಗಿ ಬರುವಂತಿಲ್ಲ, ಪ್ರದರ್ಶನ, ರ‍್ಯಾಲಿಯಂಥದ್ದಕ್ಕಷ್ಟೇ. ದಿನಬಳಕೆಗಾದರೆ ಫಾರಂ 25ರಲ್ಲಿ ಮಾಮೂಲಿ ನವೀಕರಣ ಕೇಳಿ.

ದುಡ್ಡು ನುಂಗುವುದು ಬಣ್ಣವಲ್ಲ, ಒಳಗಿನ ಕೆಲಸ. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲು ಗಟ್ಟಿಯಾಗಿರುತ್ತದೆ, ಟ್ಯಾಂಕಿನೊಳಗೆ ತುಕ್ಕು. ಈಗಲೇ ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಸುಮ್ಮನಿರಿ. ಕ್ರೋಮ್ ಹೊಳಪು (ನನ್ನ ಮಟ್ಟಿಗೆ ಅದು ಶೋಕಿ) ಕೊನೆಗಿರಲಿ. ಜಾವಾದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಅದೇ ಕಾರ್ಖಾನೆಯ ಯೆಜ್ದಿಯ ಎಷ್ಟೋ ಬಿಡಿಭಾಗ ಇದಕ್ಕೂ ಕೂರುತ್ತವೆ. ಕ್ರ್ಯಾಂಕ್ ಕೆಲಸವನ್ನು ಮಾತ್ರ ಜಾವಾ ಬಲ್ಲ ಮೆಕ್ಯಾನಿಕ್‌ಗೇ ಕೊಡಿ. ಜುಲೈ ಎರಡನೇ ಭಾನುವಾರ ಜಾವಾ ದಿನ. ಅಂದು ಬೆಂಗಳೂರಿಗೋ ಮೈಸೂರಿಗೋ ಹೋದರೆ ಅಂಥವರ ಫೋನ್ ನಂಬರ್ ಸಿಗುತ್ತದೆ.