ಮಾತು ಮುಗಿದ ಮೇಲೆ ದುಡ್ಡು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕೆಲವು ವರ್ಷಗಳ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಆರೋಗ್ಯವಾಗಿದ್ದೇನೆ. ಅಮೆರಿಕದಲ್ಲಿರುವ ನನ್ನ ತಂಗಿಗೂ ಅದೇ ಕಾಯಿಲೆ ಬಂದು ವಾಸಿಯಾಯಿತು. ಅವಳೀಗ ಬಿಡುವಿದ್ದಾಗಲೆಲ್ಲ ಕ್ಲಬ್ಬು, ಕಂಪನಿ, ಕಾಲೇಜುಗಳಿಗೆ ಹೋಗಿ ತನ್ನ ಕತೆ ಹೇಳಿ ಸಂಶೋಧನೆಗೆ ದೇಣಿಗೆ ಎತ್ತುತ್ತಾಳೆ. ಅದಕ್ಕೆ ಸಂಬಳವಿಲ್ಲ. ‘ಅಕ್ಕಾ, ಅಷ್ಟು ವರ್ಷ ಪಾಠ ಹೇಳಿದವಳು ನೀನು, ನಿನಗ್ಯಾಕೆ ಆಗೋದಿಲ್ಲ?’ ಅನ್ನುತ್ತಾಳೆ. ನಮ್ಮಲ್ಲಿ ಈ ಕಾಯಿಲೆಯ ಹೆಸರು ಹೇಳುವುದಕ್ಕೇ ಮುಜುಗರ. ‘ಮಗಳ ಮದುವೆ ಆಗಲಿ, ಆಮೇಲೆ ಭಾಷಣ’ ಎಂದು ಮನೆಯವರ ಗೊಣಗಾಟ ಬೇರೆ. ನಾಲ್ಕು ಜನರ ಮುಂದೆ ನಿಂತು ಮಾತಾಡಿದರೆ ನಿಜವಾಗಿಯೂ ಸಂಶೋಧನೆಗೆ ಉಪಯೋಗವಾಗುತ್ತದೆಯೇ? ಎತ್ತಿದ ದುಡ್ಡು ಎಲ್ಲಿಗೆ ಹೋಗುತ್ತದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಉಪಯೋಗವಾಗುತ್ತದೆ. ಆದರೆ ಕೇಳಿದವರು ಕಣ್ಣೊರೆಸಿಕೊಂಡ ಮಾತ್ರಕ್ಕೆ ಪ್ರಯೋಗಾಲಯಕ್ಕೆ ದುಡ್ಡು ಹೋಗುವುದಿಲ್ಲ. ಮಾತಾಡಿದವರು ‘ಇಂಥ ಕೆಲಸಕ್ಕೆ ಇಷ್ಟು ಬೇಕು, ಆಮೇಲೆ ಲೆಕ್ಕ ಕೊಡಿ’ ಎಂದು ಬಾಯಿಬಿಟ್ಟು ಕೇಳಿದಾಗ ಹೋಗಿದೆ. ನಿಮ್ಮ ತಂಗಿ ಇರುವ ದೇಶದ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಅಮೆರಿಕದಲ್ಲಿ ಕ್ಯಾನ್ಸರ್ ನಿಯಂತ್ರಣಕ್ಕೆಂದು ಒಂದು ಸಂಸ್ಥೆ ಹುಟ್ಟಿದ್ದು 1913ರಲ್ಲಿ. 1936ರಲ್ಲಿ ಅದು ‘ವಿಮೆನ್ಸ್ ಫೀಲ್ಡ್ ಆರ್ಮಿ’ ಎಂಬ ಹೆಂಗಸರ ಪಡೆಯೊಂದನ್ನು ಕಟ್ಟಿತು. ಸೈನಿಕರ ಹಾಗೆ ಖಾಕಿ ತೊಟ್ಟ ಈ ಸ್ವಯಂಸೇವಕಿಯರು ಊರೂರು ಸುತ್ತಿ, ಕ್ಯಾನ್ಸರನ್ನು ಮುಚ್ಚಿಡಬೇಡಿ, ಬೇಗ ವೈದ್ಯರ ಬಳಿ ಹೋಗಿ ಎಂದು ಹೇಳುತ್ತಾ ಹಣ ಕೂಡಿಸುತ್ತಿದ್ದರು. 1935ರಲ್ಲಿ ಇಡೀ ದೇಶದಲ್ಲಿ ಕ್ಯಾನ್ಸರ್ ಕೆಲಸಕ್ಕೆ ನಿಂತಿದ್ದವರು 15,000 ಮಂದಿ. 1938ರ ಹೊತ್ತಿಗೆ ಅದರ ಹತ್ತು ಪಟ್ಟು. ಇಷ್ಟೆಲ್ಲ ಆದರೂ ಸಂಶೋಧನೆಗೆ ಆ ಸಂಸ್ಥೆ ಖರ್ಚು ಮಾಡುತ್ತಿರಲಿಲ್ಲ. ತಿಳಿವಳಿಕೆ ಹಂಚುವುದಕ್ಕೇ ಹಣ ಮುಗಿಯುತ್ತಿತ್ತು. 1940ರ ದಶಕದಲ್ಲಿ ಇದನ್ನು ಗಮನಿಸಿದವರು ಮೇರಿ ಲಾಸ್ಕರ್ ಎಂಬ ಮಹಿಳೆ. ದೇಣಿಗೆ ಎತ್ತಿಕೊಡುತ್ತೇನೆ, ಆದರೆ ಅದರ ಕಾಲು ಭಾಗ ಸಂಶೋಧನೆಗೇ ಹೋಗಬೇಕು ಎಂದು ಆಕೆ ಷರತ್ತು ಹಾಕಿದರು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ಸಂಸ್ಥೆ 1946ರಲ್ಲಿ 40 ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿತು. ಅದರಲ್ಲಿ 10 ಲಕ್ಷ ಸಂಶೋಧನೆಗೆ ಸಂದಿತು.  ‘ಜಾಗೃತಿ’ಯೂ ‘ಸಂಶೋಧನೆ’ಯೂ ಒಂದೇ ಎಂಬ ಗೊಂದಲ ಇವತ್ತಿಗೂ ಹೋಗಿಲ್ಲ.

ಎರಡನೆಯ ಪ್ರಸಂಗ 1991ರದ್ದು. ಹಲವು ರೋಗಿ ಸಂಘಗಳು ಸೇರಿ ‘ನ್ಯಾಷನಲ್ ಬ್ರೆಸ್ಟ್ ಕ್ಯಾನ್ಸರ್ ಕೊಯಲಿಷನ್’ ಕಟ್ಟಿದವು. ಮುಂದಾಳುಗಳಲ್ಲಿ ಒಬ್ಬರು ಫಿಲಡೆಲ್ಫಿಯಾದ ವಕೀಲೆ ಫ್ರಾನ್ ವಿಸ್ಕೊ, ತಾವೇ ಈ ಕಾಯಿಲೆಯನ್ನು ಅನುಭವಿಸಿದವರು. ಆ ವರ್ಷ ದೇಶದಲ್ಲಿ ಎಷ್ಟು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರಬಹುದೆಂಬ ಅಂದಾಜಿತ್ತೋ ಅಷ್ಟು, ಅಂದರೆ 1,75,000 ಪತ್ರಗಳನ್ನು ವಾಷಿಂಗ್ಟನ್ನಿಗೆ ಕಳಿಸುವುದು ಗುರಿಯಾಗಿತ್ತು. ಬಂದ ಪತ್ರಗಳು 6 ಲಕ್ಷ. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಮರುವರ್ಷ ವಿಜ್ಞಾನಿಗಳನ್ನು ಕರೆಸಿ, ನಿಮಗೆ ಏನೇನು ಮಾಡಲು ಎಷ್ಟೆಷ್ಟು ಬೇಕು ಎಂದು ಕೇಳಿ ಪಟ್ಟಿ ಮಾಡಿದರು. ಲೆಕ್ಕ ಹೆಚ್ಚುವರಿ 30 ಕೋಟಿ ಡಾಲರಿಗೆ ಬಂತು. ಸಂಸತ್ತಿನಲ್ಲಿ ಅವರ ಪರ ನಿಂತ ಸೆನೆಟರ್ ಟಾಮ್ ಹಾರ್ಕಿನ್ ಇಬ್ಬರು ಅಕ್ಕತಂಗಿಯರನ್ನು ಇದೇ ಕಾಯಿಲೆಯಲ್ಲಿ ಕಳೆದುಕೊಂಡಿದ್ದವರು. ಇದಕ್ಕಾಗಿ ರಕ್ಷಣಾ ಬಜೆಟ್ಟಿನ ಹಣವನ್ನು ಬೇರೆ ಇಲಾಖೆಗೆ ಸರಿಸಲು ಆಗಿನ ಕಾನೂನು ಅಡ್ಡ ಬಂದಾಗ, ಹಾಗಾದರೆ ಸೇನೆಯೇ ಸಂಶೋಧನೆ ಮಾಡಿಸಲಿ ಎಂಬ ದಾರಿ ಹುಡುಕಿದರು. ಹೀಗೆ 1993ರ ಸಾಲಿಗೆ ಅಮೆರಿಕದ ಸೇನೆಯ ಮೂಲಕ 21 ಕೋಟಿ ಡಾಲರ್ ಸ್ತನ ಕ್ಯಾನ್ಸರ್ ಸಂಶೋಧನೆಗೆ ದೊರೆಯಿತು. ಯಾವ ಪ್ರಸ್ತಾವಕ್ಕೆ ಹಣ ಕೊಡಬೇಕೆಂದು ತೀರ್ಮಾನಿಸುವ ಸಮಿತಿಗಳಲ್ಲಿ ವಿಜ್ಞಾನಿಗಳ ಪಕ್ಕದಲ್ಲಿ ಕಾಯಿಲೆಯಿಂದ ಪಾರಾದವರೂ ಕೂತು ಮತ ಹಾಕುವ ಪದ್ಧತಿ ಆ ಯೋಜನೆಯಲ್ಲಿ ಈಗಲೂ ಇದೆ.

ಮೂರನೆಯದು ನಮ್ಮ ರಾಜ್ಯಕ್ಕೂ ಮುಟ್ಟಿದ ಕತೆ. ಸುಮಾರು ಐದು ಸ್ತನ ಕ್ಯಾನ್ಸರುಗಳಲ್ಲಿ ಒಂದರಲ್ಲಿ ‘ಹರ್-2’ ಎಂಬ ಪ್ರೋಟೀನು ಅತಿಯಾಗಿರುತ್ತದೆ, ಅಂಥ ಗಡ್ಡೆ ಬಿರುಸಾಗಿ ಬೆಳೆಯುತ್ತದೆ. ಲಾಸ್ ಏಂಜಲಿಸ್‌ನ ವೈದ್ಯ ವಿಜ್ಞಾನಿ ಡೆನ್ನಿಸ್ ಸ್ಲೇಮನ್ 1987ರಲ್ಲಿ ಇದನ್ನು ಪ್ರಕಟಿಸಿದರು. ಇದಕ್ಕೊಂದು ಔಷಧ ಸಾಧ್ಯವೆಂದು ಅವರು ಹೇಳಿದರೂ ಅದನ್ನು ತಯಾರಿಸಬೇಕಿದ್ದ ಔಷಧ ಕಂಪನಿಗೆ ಅಂಥ ಉತ್ಸಾಹವಿರಲಿಲ್ಲ. ಲಿಲ್ಲಿ ಟಾರ್ಟಿಕಾಫ್ ಎಂಬಾಕೆಯ ಗಂಡನಿಗೆ ಬೇರೊಂದು ಕ್ಯಾನ್ಸರ್ ಬಂದಾಗ ಚಿಕಿತ್ಸೆ ಕೊಟ್ಟ ವೈದ್ಯರು ಇದೇ ಸ್ಲೇಮನ್. ಆಕೆ ಸೌಂದರ್ಯವರ್ಧಕಗಳ ಕಂಪನಿ ರೆವ್ಲಾನ್‌ನ ಬಾಗಿಲು ತಟ್ಟಿದರು, ಹಾಲಿವುಡ್ಡಿನ ತಾರೆಯರನ್ನು ಸೇರಿಸಿ ಔತಣಕೂಟ ನಡೆಸಿದರು, ಹಣ ತಂದು ಸ್ಲೇಮನ್ ಅವರ ಸಂಶೋಧನೆಗೆ ಕೊಟ್ಟರು. 1998ರಲ್ಲಿ ಟ್ರಾಸ್ಟುಜುಮಾಬ್ ಎಂಬ ಔಷಧಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಮಾತ್ರ ನಮ್ಮವರ ಕೈಗೆ ಎಟುಕುವಂತಿರಲಿಲ್ಲ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದನ್ನೇ ಹೋಲುವ ಔಷಧವನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. 2017ರಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಟಾರ್ಟಿಕಾಫ್ ಕೇಳಿದ್ದು ‘ಕ್ಯಾನ್ಸರ್ ವಿರುದ್ಧ ಹೋರಾಟ’ಕ್ಕೆ ಹಣವನ್ನಲ್ಲ, ಒಬ್ಬ ವಿಜ್ಞಾನಿಯ ಒಂದು ಕೆಲಸಕ್ಕೆ ಹಣವನ್ನು.

ಕೇಳುವುದು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಸ್ತನ ಕ್ಯಾನ್ಸರ್ ಜಾಗೃತಿಯ ಗುರುತಾದ ಗುಲಾಬಿ ರಿಬ್ಬನ್ನೇ ಉದಾಹರಣೆ. ಅದು ಮೊದಲು ಗುಲಾಬಿ ಬಣ್ಣದ್ದಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಷಾರ್ಲಟ್ ಹೇಲಿ ಎಂಬ ಹಿರಿಯ ಮಹಿಳೆ ಮನೆಯಲ್ಲೇ ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಮಡಚಿ, ಸರ್ಕಾರದ ಕ್ಯಾನ್ಸರ್ ಬಜೆಟ್ಟಿನಲ್ಲಿ ಕಾಯಿಲೆ ತಡೆಗಟ್ಟುವುದಕ್ಕೆ ಹೋಗುವುದು ಶೇ 5 ಮಾತ್ರ ಎಂದು ಬರೆದ ಚೀಟಿಯ ಜೊತೆ ಹಂಚುತ್ತಿದ್ದರು. 1992ರಲ್ಲಿ ಒಂದು ಪತ್ರಿಕೆಯೂ ಒಂದು ಸೌಂದರ್ಯವರ್ಧಕ ಕಂಪನಿಯೂ ಕೈಜೋಡಿಸಲು ಬಂದಾಗ, ಇದನ್ನು ವ್ಯಾಪಾರ ಮಾಡಬೇಡಿ ಎಂದು ಆಕೆ ಒಪ್ಪಲಿಲ್ಲ. ಅವರು ಬಣ್ಣ ಬದಲಿಸಿದರು, ಚೀಟಿ ಮಾಯವಾಯಿತು. ಹತ್ತು ವರ್ಷದ ನಂತರ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ, ನಮ್ಮ ಕಾರ್ಡು ಬಳಸಿದಾಗಲೆಲ್ಲ ಸ್ತನ ಕ್ಯಾನ್ಸರಿಗೆ ದೇಣಿಗೆ ಎಂದು ಸಾರಿತು. ಹತ್ತು ಡಾಲರಿನದು ಕೊಂಡರೂ ಸಾವಿರ ಡಾಲರಿನದು ಕೊಂಡರೂ ದೇಣಿಗೆ ಒಂದೇ ಒಂದು ಸೆಂಟ್! ಸ್ಯಾನ್ ಫ್ರಾನ್ಸಿಸ್ಕೊದ ರೋಗಿ ಸಂಘವೊಂದು ಆಗಲೇ, 2002ರಲ್ಲಿ, ‘ಗುಲಾಬಿ ಬಣ್ಣದ್ದು ಕೊಳ್ಳುವ ಮುನ್ನ ಯೋಚಿಸಿ’ ಎಂಬ ಚಳವಳಿ ಹೂಡಿತು. ಎಷ್ಟು ಹಣ, ಯಾರಿಗೆ, ಯಾವ ಕೆಲಸಕ್ಕೆ ಎಂದು ಕೇಳಿ ಎಂಬುದೇ ಅದರ ಬೋಧೆ.

ಕಂಪನಿಗಳು, ಸರ್ಕಾರ ಇರುವಾಗ ಸಂಶೋಧನೆಗೆ ನಮ್ಮ ನೂರು ರೂಪಾಯಿ ಯಾಕೆ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಒಂದು ಪ್ರಯೋಗವನ್ನು ಹೇಳಿ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಲಿಗ್ನೊಕೇನ್ ಗೊತ್ತಲ್ಲ? ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಗಡ್ಡೆ ತೆಗೆಯುವುದಕ್ಕೆ 7ರಿಂದ 10 ನಿಮಿಷ ಮುಂಚೆ ಅದೇ ಔಷಧವನ್ನು ಗಡ್ಡೆಯ ಸುತ್ತ ಚುಚ್ಚಿ ನೋಡಿದರು. ದೇಶದ 11 ಆಸ್ಪತ್ರೆಗಳಲ್ಲಿ ನಡೆದ ಈ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಚುಚ್ಚುಮದ್ದಿಲ್ಲದೆ ಶಸ್ತ್ರಚಿಕಿತ್ಸೆಯಾದವರಲ್ಲಿ ಐದು ವರ್ಷದ ನಂತರ ಬದುಕಿದ್ದವರು ಶೇ 86.4, ಚುಚ್ಚಿಸಿಕೊಂಡವರಲ್ಲಿ ಶೇ 90.1. ಲಿಗ್ನೊಕೇನ್ ಹಳೆಯ ಔಷಧ, ಬಲು ಅಗ್ಗ, ಪೇಟೆಂಟ್ ಇಲ್ಲ. ಅದು ಗೆದ್ದರೆ ಯಾವ ಕಂಪನಿಗೂ ಲಾಭವಿಲ್ಲ. ಹಾಗಾಗಿ ಯಾವ ಕಂಪನಿಯೂ ಇಂಥದ್ದಕ್ಕೆ ಕೈಯಿಂದ ಖರ್ಚು ಮಾಡುವುದಿಲ್ಲ. ಈ ಅಧ್ಯಯನ ನಡೆದದ್ದು ಕೇಂದ್ರದ ಪರಮಾಣು ಶಕ್ತಿ ಇಲಾಖೆಯ ಹಣದಲ್ಲಿ, ಅಂದರೆ ನಮ್ಮ ತೆರಿಗೆಯಲ್ಲಿ. ಲಾಭವಿಲ್ಲದ ಆದರೆ ಜೀವ ಉಳಿಸುವ ಪ್ರಶ್ನೆಗಳಿಗೆ ಸಾರ್ವಜನಿಕರ ದುಡ್ಡೇ ಗತಿ.

ಅದೇ ಆಸ್ಪತ್ರೆಯವರ ಇನ್ನೊಂದು ಅಧ್ಯಯನ ನಿಮ್ಮಂಥ ಮಾತುಗಾರರಿಗೆ ಹತ್ತಿರದ್ದು. 1998ರಿಂದ ಮುಂಬೈನ ಬಡ ಬಡಾವಣೆಗಳ ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರು. ಅರ್ಧದಷ್ಟು ಮಂದಿಯ ಸ್ತನವನ್ನು ಎರಡು ವರ್ಷಕ್ಕೊಮ್ಮೆ, ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಮುಟ್ಟಿ ಪರೀಕ್ಷಿಸಿ ತಿಳಿವಳಿಕೆ ಹೇಳುತ್ತಿದ್ದರು. ಉಳಿದವರಿಗೆ ಒಂದು ಸುತ್ತಿನ ತಿಳಿವಳಿಕೆ ಮಾತ್ರ. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ, ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕಾಯಿಲೆ ಬೇಗ ಪತ್ತೆಯಾಯಿತು, 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇದಕ್ಕೆ ಹಣ ಕೊಟ್ಟಿದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1,92,000 ಮಂದಿಗೆ ಸ್ತನ ಕ್ಯಾನ್ಸರ್ ಬಂತು, 98,000 ಮಂದಿ ಸತ್ತರು ಎಂಬ ಅಂದಾಜಿದೆ. ಇಷ್ಟು ದೊಡ್ಡ ಕಷ್ಟಕ್ಕೆ ನಮ್ಮ ಕೈಗೆಟುಕುವ ಉತ್ತರ ಹುಡುಕುವ ಹಣವನ್ನೂ ಹೊರಗಿನವರೇ ಕೊಡಬೇಕೇ ಎಂದು ನೀವು ಸಭೆಯನ್ನು ಕೇಳಬಹುದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಮಾತು ಹದಿನೈದು ನಿಮಿಷ ಮೀರದಿರಲಿ. ಮೂರು ಪಾಲು ಮಾಡಿ. ಮೊದಲ ಪಾಲಿನಲ್ಲಿ ನಿಮ್ಮ ಅನುಭವ: ಹೇಗೆ ಗೊತ್ತಾಯಿತು, ಎಲ್ಲಿ ಹೆದರಿದಿರಿ, ಯಾವುದು ಸಹಾಯಕ್ಕೆ ಬಂತು. ನೋವನ್ನು ಬಿಡಿಸಿ ಬಿಡಿಸಿ ಹೇಳುವ ಅಗತ್ಯವಿಲ್ಲ. ಹೆದರಿದವರು ಪರೀಕ್ಷೆಗೂ ಹೋಗುವುದಿಲ್ಲ. ಎರಡನೆಯ ಪಾಲಿನಲ್ಲಿ ತಿಳಿವಳಿಕೆ: ನೋವಿಲ್ಲದ ಗಂಟು, ಚರ್ಮ ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ ಒಸರುವುದು ಕಂಡರೆ ‘ನೋವಿಲ್ಲವಲ್ಲ’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ ಎನ್ನುವಷ್ಟು ಸಾಕು. ನಿಮಗೆ ಕೊಟ್ಟ ಔಷಧ, ಪಥ್ಯವನ್ನು ಇನ್ನೊಬ್ಬರಿಗೆ ಹೇಳಬೇಡಿ, ಅವರ ಕ್ಯಾನ್ಸರ್ ಬೇರೆ ಬಗೆಯದಿರಬಹುದು. ಮೂರನೆಯ ಪಾಲು ಬೇಡಿಕೆಯದು. ಬಹಳ ಜನ ಇಲ್ಲಿ ನಾಚಿ ‘ಕೈಲಾದಷ್ಟು ಕೊಡಿ’ ಎಂದು ಮುಗಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಬೇಡಿಕೆಗೆ ಮೊದಲೇ ತಯಾರಿ ಬೇಕು. ನೀವು ನಂಬುವ ಕ್ಯಾನ್ಸರ್ ಆಸ್ಪತ್ರೆಗೋ ಸಂಶೋಧನಾ ಸಂಸ್ಥೆಗೋ ಪತ್ರ ಬರೆದು ಮೂರು ಸಂಗತಿ ಕೇಳಿ. ದೇಣಿಗೆಯನ್ನು ಸ್ತನ ಕ್ಯಾನ್ಸರ್ ಸಂಶೋಧನೆಗೇ ಎಂದು ಪ್ರತ್ಯೇಕ ತೆಗೆದಿಡುತ್ತೀರಾ? ಯಾವ ಅಧ್ಯಯನಕ್ಕೆ? ವರ್ಷದ ಕೊನೆಗೆ ಲೆಕ್ಕ ಕಳಿಸುತ್ತೀರಾ? ಒಪ್ಪಿದರೆ ಆ ಪತ್ರವನ್ನೇ ಸಭೆಯಲ್ಲಿ ಓದಿ. ಬಡ ರೋಗಿಗಳ ಚಿಕಿತ್ಸೆಗೆ ಕೊಡುವ ನಿಧಿಯೂ ಒಳ್ಳೆಯದೇ, ಆದರೆ ಅದನ್ನು ಸಂಶೋಧನೆಯ ಹೆಸರಿನಲ್ಲಿ ಎತ್ತಬಾರದು. ನಗದನ್ನು ಕೈಯಿಂದ ಮುಟ್ಟಲೇಬೇಡಿ. ಕೊಡುವವರು ನೇರ ಸಂಸ್ಥೆಯ ಖಾತೆಗೆ ಹಾಕಲಿ, ರಸೀದಿ ಅವರ ಹೆಸರಿಗೇ ಬರಲಿ. ಊರಿನಲ್ಲಿ ಟೀಚರ್ ಎಂದು ಗಳಿಸಿದ ಹೆಸರಿಗೆ ಚಂದಾ ಡಬ್ಬಿಯಿಂದ ಮಸಿ ತಾಗುವುದು ಬೇಡ.

ದುಡ್ಡಿಲ್ಲದವರನ್ನೂ ಬರಿಗೈಯಲ್ಲಿ ಕಳಿಸಬೇಡಿ, ಅವರು ಕೊಡಬಹುದಾದದ್ದೂ ಇದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಸಂಶೋಧನೆಗೆ ಬಳಸಲು ಅನುಮತಿ ಕೇಳಿದರೆ ಓದಿ, ಒಪ್ಪಿಗೆಯಾದರೆ ಸಹಿ ಹಾಕುವುದೂ ದಾನವೇ. ಮನುಷ್ಯರ ಮೇಲೆ ಅಧ್ಯಯನ ನಡೆಸುವ ಸಂಸ್ಥೆಗಳ ನೈತಿಕ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯ ಪ್ರಜೆಯೊಬ್ಬರು ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಒಪ್ಪಿಗೆ ಪತ್ರದ ಕನ್ನಡ ಹಳ್ಳಿಯ ಹೆಂಗಸಿಗೆ ಅರ್ಥವಾಗುತ್ತದೆಯೇ ಎಂದು ನೋಡಲು ನಿವೃತ್ತ ಶಿಕ್ಷಕಿಗಿಂತ ಯೋಗ್ಯರು ಯಾರು? ಭಾಷಣಕ್ಕೆ ಮನಸ್ಸು ಒಪ್ಪದಿದ್ದರೆ ಈ ದಾರಿ ಇದೆ.

ಮನೆಯವರ ಗೊಣಗಾಟವನ್ನು ತಳ್ಳಿಹಾಕಬೇಡಿ. ಕತೆ ನಿಮ್ಮದಾದರೂ ಅದರಲ್ಲಿ ಮಗಳೂ ಇದ್ದಾಳೆ, ಆದ್ದರಿಂದ ತೀರ್ಮಾನಕ್ಕೆ ಮುಂಚೆ ಅವಳನ್ನೇ ಕೇಳಿ. ಅವಳಿಗೆ ಇಷ್ಟವಿಲ್ಲದಿದ್ದರೆ ಕುಟುಂಬದ ಮಾತೆತ್ತದೆಯೂ, ಬೇರೆ ಊರಿನಲ್ಲೂ ಮಾತಾಡಬಹುದು. ಇದರ ಜೊತೆಗೆ ಇನ್ನೊಂದು ಮಾತು. ಅಕ್ಕತಂಗಿ ಇಬ್ಬರಿಗೂ ಬಂದಿದೆ ಎಂದಿರಿ. ಅದು ಕಾಕತಾಳೀಯವೂ ಇರಬಹುದು, ಆದರೂ ನಿಮ್ಮ ಕ್ಯಾನ್ಸರ್ ವೈದ್ಯರ ಬಳಿ ವಂಶವಾಹಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಸ್ತನ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಹರಿದುಬರುವುದಕ್ಕೆ 17ನೇ ವರ್ಣತಂತುವಿನ ಒಂದು ಜೀನ್ ಕಾರಣ ಎಂದು ಮೇರಿ-ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿದ್ದು, 23 ಕುಟುಂಬಗಳು ತಮ್ಮಲ್ಲಿನ 146 ಪ್ರಕರಣಗಳನ್ನು ಮುಚ್ಚಿಡದೆ ಹೇಳಿಕೊಂಡದ್ದರಿಂದ. ಮದುವೆಯ ಚಿಂತೆಗಿಂತ ಮುಂಚೆ ಮಗಳಿಗೆ ದಕ್ಕಬೇಕಾದದ್ದು ಆ ಪರೀಕ್ಷೆಯಿಂದ ತಿಳಿಯುವ ಮಾಹಿತಿ.

ಮೊದಲ ಮಾತನ್ನು ರೋಟರಿ ಸಭೆಯಲ್ಲಿ ಇಟ್ಟುಕೊಳ್ಳಬೇಡಿ, ಪರಿಚಯದ ಮಹಿಳಾ ಸಮಾಜದಲ್ಲಿ ಆಡಿ ನೋಡಿ. ಅಲ್ಲಿ ಏಳುವ ಪ್ರಶ್ನೆಗಳೇ ಮುಂದಿನ ಸಭೆಗೆ ಪಾಠ. ಅದಕ್ಕೂ ಮುಂಚೆ ತಂಗಿಗೆ ಫೋನ್ ಮಾಡಿ, ನೀನು ಎತ್ತುವ ನೂರು ಡಾಲರಿನಲ್ಲಿ ಸಂಶೋಧನೆಗೆ ಎಷ್ಟು ಹೋಗುತ್ತದೆ, ಪ್ರಚಾರಕ್ಕೆಷ್ಟು, ಕಚೇರಿ ಖರ್ಚಿಗೆಷ್ಟು ಎಂದು ಕೇಳಿ. ಥಟ್ಟನೆ ಹೇಳಿದಳೋ, ಅವಳಿಂದ ನೀವು ಕಲಿಯುವುದು ಬಹಳವಿದೆ. ತಡವರಿಸಿದರೆ, ಇಬ್ಬರೂ ಸೇರಿ ಅವಳ ಸಂಸ್ಥೆಯ ವಾರ್ಷಿಕ ವರದಿ ತರಿಸಿಕೊಂಡು ಓದಿ.